ಮೂಗಿನೊಳಗಿನ ಸೀಸ

ಮಾರ್ಚ್ 3

ತಮ್ಮ ಮತ್ತೆ ದಪ್ಪಗಾಗಿದ್ದಾನೆ. ಸೀಟಿನ ಅಚ್ಚಿನಲ್ಲಿ ಮಲಗಿಸಿ ನೋಡಿದರೆ ಎಡಭುಜದ ಹತ್ತಿರ ಬೆರಳು ತೂರುವಷ್ಟೂ ಜಾಗವಿಲ್ಲ. ಅವನ ಬೆನ್ನಿಗೆ ಪ್ಲಾಸ್ಟರ್ ಹಚ್ಚಿ ಆ ಅಚ್ಚು ತೆಗೆದವಳು ನಾನು. ಅಚ್ಚು ತಪ್ಪಿಲ್ಲ, ಮೈ ತಪ್ಪಿದೆ. ಹಾಗೆಂದು ಹೇಳಿದೆ.

"ಬಸ್ಸು ಓಡ್ಸೋನು ಕೂತಲ್ಲೇ ಕೂತಿರ್ತಾನೆ ಅಕ್ಕ. ಬೆಳೆದ್ರೆ ಅಗಲಕ್ಕೇ ಬೆಳೀಬೇಕು," ಎಂದ.

ಕಾರಿನ ಅಗಲವೆಂದರೆ ಅವನ ಭುಜದ ಅಗಲ, ಅದರ ಮೇಲೆ ಹೊರಮೈಯ ಎರಡು ಪದರ ಬಟ್ಟೆ ಮತ್ತು ರಾಳ. ಅವನು ಕಾಲು ಮುಂದೆ ಚಾಚಿ ಅಂಗಾತ ಮಲಗುತ್ತಾನೆ, ಬೆನ್ನ ಹಿಂದೆ ಮೋಟಾರ್ ಸೈಕಲ್ಲಿನ ಇಂಜಿನ್. ಇಷ್ಟು ಸಣ್ಣ ಇಂಜಿನ್ನಿನಿಂದ ವೇಗ ಬರಬೇಕಾದರೆ ಗಾಳಿಗೆ ಎದುರಾಗುವ ಮೈ ಚಿಕ್ಕದಾಗಬೇಕು. ಒಂದು ಬೆರಳಗಲ ಹೆಚ್ಚಾದರೂ ಆರು ವರ್ಷದ ಕೆಲಸ ಒಂದು ಬೆರಳಗಲ ಹಾಳು. ಜೂನ್‌ವರೆಗೆ ಸಮಯವಿದೆ, ಇಳಿಸಿಕೋ ಎಂದೆ. ಜೂನ್‌ನಲ್ಲಿ ಉಪ್ಪಿನ ಬಯಲಿನಲ್ಲಿ ಸ್ಪರ್ಧೆ. ಅಲ್ಲಿ ಯಾರೂ ಯಾರ ಪಕ್ಕದಲ್ಲೂ ಓಡುವುದಿಲ್ಲ. ನೆಲದ ಮೇಲೆ ಒಂದು ನೇರ ಗೆರೆ, ಒಂದು ಗಡಿಯಾರ, ಒಂದು ಸಲಕ್ಕೆ ಒಂದೇ ಕಾರು. ನನಗೆ ಈ ಆಟ ಹಿಡಿಸಿದ್ದು ಅದಕ್ಕೇ.

ಇಂಜಿನ್ ಪಂಪುವಿನದು. ಅವನು ತಮ್ಮನ ಶಾಲೆಯ ಗೆಳೆಯ, ನೀರಿನ ಪಂಪು ರಿಪೇರಿ ಮಾಡುವವನು, ಆದ್ದರಿಂದ ಪಂಪು. ನಾನು ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವವಳಾದ್ದರಿಂದ ಅವನ ಬಾಯಲ್ಲಿ 'ಡಾಕ್ಟ್ರೇ'. ಕಾರಿಗೆ ನಾನು ಹೆಸರಿಟ್ಟಿಲ್ಲ. ಅವನು ಅದನ್ನು ಸೌತೆಕಾಯಿ ಎನ್ನುತ್ತಾನೆ.

ಸಂಜೆ ಇಂಜಿನ್ ಚಾಲೂ ಮಾಡುವ ಮೊದಲು ಎಂದಿನಂತೆ ಕಣ್ಣು ಮುಚ್ಚಿ ಕಾರಿನ ಮೂಗಿನ ತುದಿಯಿಂದ ಹಿಂದಕ್ಕೆ ಅಂಗೈ ಸವರಿದೆ. ಎರಡು ಸಲ ತಟ್ಟಿದೆ. ನಾನು ತಟ್ಟುವವರೆಗೆ ಪಂಪು ಗುಂಡಿ ಒತ್ತುವುದಿಲ್ಲ. ತಮಾಷೆಯಾಗಿ ಶುರುವಾದದ್ದು, ಈಗ ಅದಿಲ್ಲದೆ ಹೆಲ್ಮೆಟ್ಟಿನ ಗಾಜನ್ನು ತಮ್ಮ ಇಳಿಸುವುದೂ ಇಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು: ಕಣ್ಣನ್ನು ಯಾರು ಬೇಕಾದರೂ ಏಮಾರಿಸಬಹುದು, ನಾಲಿಗೆಯನ್ನು ಆಗುವುದಿಲ್ಲ. ಹಲ್ಲಿನ ಮೇಲೆ ಕೂದಲೆಳೆಯಷ್ಟು ಉಬ್ಬಿದ್ದರೂ ನಾಲಿಗೆ ದಿನವಿಡೀ ಅಲ್ಲಿಗೇ ಹೋಗುತ್ತದೆ. ಗಾಳಿಗೂ ಅಂಥದೇ ನಾಲಿಗೆ.

ಮಾರ್ಚ್ 22

ನೂಲಿನ ಪರೀಕ್ಷೆ. ತಮ್ಮನ ಹೆಂಡತಿ ಸ್ವೆಟರ್ ಹೆಣೆದು ಉಳಿಸಿದ ಕೆಂಪು ಉಣ್ಣೆಯನ್ನು ಬೆರಳುದ್ದ ಕತ್ತರಿಸಿ, ಕಾರಿನ ಮೈತುಂಬ ಸಾಲುಸಾಲಾಗಿ ಟೇಪು ಹಚ್ಚಿ ಅಂಟಿಸಿದೆವು. ಕಾರನ್ನು ಟ್ರೈಲರಿನ ಮೇಲಿಟ್ಟು ಪಂಪುವಿನ ವ್ಯಾನಿಗೆ ಕಟ್ಟಿ, ಬೆಳಗಿನ ಖಾಲಿ ರಸ್ತೆಯಲ್ಲಿ ಎಳೆದೆವು. ನಾನು ವ್ಯಾನಿನ ಹಿಂದಿನ ಬಾಗಿಲು ತೆರೆದು ಅದಕ್ಕೆ ಮುಖ ಮಾಡಿ ಕುಳಿತಿದ್ದೆ. ನೂಲು ಮೈಗೆ ಅಂಟಿ ಮಲಗಿದರೆ ಗಾಳಿಗೆ ಆಕಾರ ಒಪ್ಪಿಗೆಯಾಗಿದೆ ಎಂದರ್ಥ. ಎದ್ದು ಕುಣಿದರೆ ಇಲ್ಲ.

ಮೂಗಿನ ಮೇಲೆ ಒಂದೂ ಅಲುಗಲಿಲ್ಲ. ಬಾಚಿದ ಕೂದಲಿನಂತೆ ಮಲಗಿದ್ದವು. ಆ ತಿರುವನ್ನು ನಾನು ಹನ್ನೊಂದು ಸಲ ಬದಲಾಯಿಸಿದ್ದೇನೆ. ನೋಡುತ್ತಾ ಕುಳಿತವಳಿಗೆ ರಸ್ತೆ ಮುಗಿದದ್ದು ಗೊತ್ತಾಗಲಿಲ್ಲ.

ಬಾಲದ ಕೊನೆಯ ಸಾಲು ಮಾತ್ರ ಪಕ್ಕದಿಂದ ಗಾಳಿ ಬಂದಾಗಲೆಲ್ಲ ತಿರುಗಿ ನಿಲ್ಲುತ್ತಿತ್ತು. ಟ್ರೈಲರಿನ ಗಾಳಿ ಇರಬೇಕು. ಆ ಸಾಲನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಏಪ್ರಿಲ್ 9

ಈಗ ವಿಮಾನ ಇಳಿಯದ ಹಳೆಯ ಓಡುದಾರಿಯಲ್ಲಿ ಮೊದಲ ಓಟ. ದಿನವನ್ನು ಗಡ್ಡದವನ ಜೊತೆ ಹಂಚಿಕೊಂಡಿದ್ದೆವು. ಗಡ್ಡದವನು ಇಂಜಿನ್ನಿನ ಅಳತೆಯಲ್ಲಿ ನಮ್ಮದೇ ವರ್ಗದಲ್ಲಿ ಓಡುವವನು. ಸ್ವಂತ ವರ್ಕ್‌ಶಾಪು, ನಾಲ್ಕು ಜನ ಕೆಲಸದವರು. ಅವನ ಕಾರಿನ ಹಿಂದೆ ಕೋಳಿಯ ಜುಟ್ಟಿನಂಥ ಒಂದು ನೆಟ್ಟನೆಯ ಹಲಗೆ ನಿಂತಿದೆ. ನೋಡಲು ಕಷ್ಟವಾಗುತ್ತದೆ.

ಎರಡು ಓಟ ಚೆನ್ನಾಗಿ ಆದವು. ಮೂರನೆಯದರಲ್ಲಿ ಕಾರು ಅರ್ಧ ದಾರಿಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಿ ಹುಲ್ಲಿನಲ್ಲಿ ನಿಂತಿತು. ಮೈಗೆ ಗೀರು ಕೂಡ ಇಲ್ಲ. ತಮ್ಮ ಹೊರಗೆ ಬಂದು ಹೆಲ್ಮೆಟ್ ತೆಗೆಯದೆ ಸ್ವಲ್ಪ ಹೊತ್ತು ಹುಲ್ಲಿನ ಮೇಲೆ ಕುಳಿತ.

"ಬಾಲ ನನ್ನ ಮುಂದೆ ಬರೋಕೆ ನೋಡ್ತು ಅಕ್ಕ."

ಸ್ಟೀರಿಂಗ್ ಎಷ್ಟು ತಿರುಗಿಸಿದೆ ಎಂದು ಕೇಳಿದೆ.

"ತಿರುಗಿಸ್ಲೇ ಇಲ್ಲ. ತಿರುಗಿಸ್ಬೇಕು ಅಂತ ನಂಗೆ ಗೊತ್ತಾಗೋ ಹೊತ್ತಿಗೆ ಅದೇ ತಿರುಗಿತ್ತು."

ಬಸ್ಸಿನ ಕೈ, ಅದಕ್ಕೆ ಅಷ್ಟಗಲದ ಸ್ಟೀರಿಂಗ್ ಅಭ್ಯಾಸ, ಇಲ್ಲಿ ಬೆರಳು ಸಾಕು ಎಂದೆ. ಅವನು ಹೆಲ್ಮೆಟ್ ಬಿಚ್ಚಿದ. ಉತ್ತರ ಕೊಟ್ಟವನು ಪಂಪು. ಬಾಣದ ಭಾರ ಮುಂದಿರುತ್ತದೆ, ಗರಿ ಹಿಂದಿರುತ್ತದೆ, ನಮ್ಮದು ತಿರುಗುಮುರುಗು, ಭಾರವೆಲ್ಲ ಹಿಂದೆ, ಗರಿಯೇ ಇಲ್ಲ ಎಂದು ಕಡ್ಡಿಯಿಂದ ಮಣ್ಣಿನಲ್ಲಿ ಗೀಚಿ ತೋರಿಸಿದ. "ಒಂದು ಗರಿ ಕೊಡಿ ಡಾಕ್ಟ್ರೇ, ಇಲ್ಲಾಂದ್ರೆ ಮೂಗಿಗೆ ಭಾರ ಕೊಡಿ. ಎರಡರಲ್ಲಿ ಒಂದು."

ಗರಿ ಗಾಳಿಗೆ ಅಡ್ಡ ನಿಲ್ಲುತ್ತದೆ. ಭಾರ ಮುಂದಿನ ಟೈರುಗಳನ್ನು ತಿನ್ನುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂದೆ. ಪಂಪು ನಕ್ಕ. ತಮ್ಮ ನಗಲಿಲ್ಲ.

ಗಡ್ಡದವನು ಅಲ್ಲಿಯವರೆಗೆ ನಡೆದು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದ. ಮೂಗಿನ ಬಳಿ ಬಹಳ ಹೊತ್ತು ನಿಂತಿದ್ದ. ಒಳ್ಳೆಯ ಮೂಗು ಎಂದ. ನನಗೆ ಗೊತ್ತು ಎಂದೆ.

ಏಪ್ರಿಲ್ 10

ಬರೆಯುವಂಥದ್ದೇನಿಲ್ಲ. ಕೆಳದವಡೆಯ ಎರಡು ಸೆಟ್ಟು ಮುಗಿಸಿ ಕಳಿಸಿದೆ. ತಮ್ಮ ಫೋನ್ ಮಾಡಲಿಲ್ಲ.

ಮೇ 1

ತಮ್ಮನ ಹೆಂಡತಿ ಬಂದಿದ್ದಳು. ಉಣ್ಣೆ ಇನ್ನೂ ಬೇಕೇ ಎಂದು ಕೇಳುವ ನೆಪ. ಇತ್ತೀಚೆಗೆ ಅವನು ನಿದ್ದೆಯಲ್ಲಿ ಸ್ಟೀರಿಂಗ್ ತಿರುಗಿಸುತ್ತಾನಂತೆ. ಹೊದಿಕೆಯ ಮೇಲೆ ಎರಡೂ ಕೈ ಇಟ್ಟು, ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಒಮ್ಮೆ ಅವಳ ಮೂಗಿಗೇ ಮೊಣಕೈ ತಾಗಿತಂತೆ. ಹೇಳಿ ನಕ್ಕಳು. ನಾನೂ ನಕ್ಕೆ. ಸಿಟಿ ಬಸ್ಸಿನವರಿಗೆಲ್ಲ ಹಾಗಾಗುತ್ತದೆ ಎಂದೆ.

ಹೊರಡುವಾಗ ಬಾಗಿಲಲ್ಲಿ ನಿಂತು, "ಅಕ್ಕ, ಭಾನುವಾರ ಅವರನ್ನ ಸ್ವಲ್ಪ ಬೇಗ ಬಿಟ್ಕೊಡಿ. ನಿಮ್ಮ ಶೆಡ್ಡಿಂದ ಬರೋ ಹೊತ್ತಿಗೆ ಊಟ ಆರಿಹೋಗಿರುತ್ತೆ," ಎಂದಳು.

ತಮ್ಮ ನನ್ನ ಶೆಡ್ಡಿಗೆ ಬಂದು ಮೂರು ಭಾನುವಾರ ಕಳೆದಿವೆ. ಡಬಲ್ ಡ್ಯೂಟಿ ಎಂದು ನನಗೆ ಹೇಳಿದ್ದ.

ಆಗಲಿ, ಬೇಗ ಬಿಡುತ್ತೇನೆ ಎಂದೆ. ಅವನನ್ನು ಏಕೆ ಕಾಪಾಡಿದೆನೋ ಗೊತ್ತಿಲ್ಲ. ಚಿಕ್ಕಂದಿನ ಅಭ್ಯಾಸ. ಅವನು ಒಡೆದ ಗಾಜುಗಳೆಲ್ಲ ನಾನು ಒಡೆದವು.

ಮೇ 5

ಗಡ್ಡದವನ ವರ್ಕ್‌ಶಾಪಿನ ಮುಂದೆ ತಮ್ಮನ ಸ್ಕೂಟರ್. ಪಕ್ಕದಲ್ಲಿ ಪಂಪುವಿನ ವ್ಯಾನು.

ಎದುರಿನ ಅಂಗಡಿಯಲ್ಲಿ ನಿಂತು ಬೇಡದ ಸಾಬೂನು ಕೊಂಡೆ. ಇನ್ನೂ ಹೊರಗೆ ಬರಲಿಲ್ಲವೆಂದು ಬೇಡದ ಬಲ್ಬು ಕೊಂಡೆ. ಕೊನೆಗೆ ಅಂಗಡಿಯವನು ಏನಾದರೂ ಹುಡುಕುತ್ತಿದ್ದೀರಾ ಎಂದು ಕೇಳಿದಾಗ ಮನೆಗೆ ಬಂದೆ.

ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ಜನ ಬಹಳ ಸಲೀಸಾಗಿ ಹೇಳುತ್ತಾರೆ. ಗಿಡದ ಕಡೆಯಿಂದ ಅದನ್ನು ಯಾರೂ ಹೇಳಿಲ್ಲ. ಆರು ವರ್ಷ ಅವನ ಬೆನ್ನು, ಭುಜ, ಮೊಣಕಾಲು, ಹಿಮ್ಮಡಿಗಳ ಅಳತೆ ತೆಗೆದಿದ್ದೇನೆ. ಅವನ ಹೆಂಡತಿಗೂ ಗೊತ್ತಿಲ್ಲದಷ್ಟು ಅವನ ಮೈ ನನಗೆ ಗೊತ್ತು. ಅನುಮಾನ ಬಂದರೆ ಕೇಳಬೇಕಾದ್ದು ನನ್ನನ್ನು.

ಮೇ 17

ಲ್ಯಾಬಿಗೆ ಹೊಸ ಕುಲುಮೆ ಬರುತ್ತದೆ. ಅದರ ತರಬೇತಿಗೆಂದು ನಾಳೆಯಿಂದ ಮೂರು ದಿನ ಬೇರೆ ಊರಿಗೆ ಹೋಗಬೇಕು. ತಮ್ಮ ತಾನೇ ಬಂದು ಸ್ಟೇಷನ್ನಿಗೆ ಬಿಡುತ್ತೇನೆಂದ. ಶೆಡ್ಡಿನ ಬೀಗದ ಕೈಯನ್ನೂ ಅವನೇ ಕೇಳಿದ. ಇಂಜಿನ್ನಿಗೆ ಎಣ್ಣೆ ಬದಲಾಯಿಸಬೇಕಂತೆ.

ಕೊಟ್ಟೆ.

ಮೇ 22

ಕಾರಿನ ಮೂಗು ನೋಡಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಬಣ್ಣ ಅದೇ, ಹೊಳಪು ಅದೇ. ಬೆಳಗ್ಗೆ ಲ್ಯಾಬಿಗೆ ಹೋಗುವ ಮುನ್ನ ಸುಮ್ಮನೆ ಅಂಗೈ ಸವರಿದೆ. ತುದಿಯಿಂದ ಒಂದು ಮೊಳ ಹಿಂದೆ ಅಂಗೈ ಒಂದು ಗೆರೆಯನ್ನು ದಾಟಿತು. ಉಬ್ಬು ಎನ್ನುವಂತಿಲ್ಲ. ಉಬ್ಬಿನ ನೆನಪು ಎನ್ನಬಹುದು. ಮತ್ತೆ ಸವರಿದೆ. ಸುತ್ತಲೂ ಇತ್ತು. ಮೂಗನ್ನು ಕತ್ತರಿಸಿ, ಮತ್ತೆ ಕೂಡಿಸಿ, ಮೆತ್ತಿ, ಉಜ್ಜಿ, ಬಣ್ಣ ಬಳಿದಿದ್ದಾರೆ.

ಲ್ಯಾಬಿನಿಂದ ಕನ್ನಡಿಯಿಟ್ಟ ಕಡ್ಡಿ ತಂದೆ, ಬಾಯಿಯೊಳಗೆ ನೋಡುವಂಥದ್ದು. ಚಕ್ರದ ಗುಳಿಯ ಕಡೆಯಿಂದ ಒಳಗೆ ತೂರಿಸಿ ದೀಪ ಬಿಟ್ಟೆ. ಸೀಸದ ಗಟ್ಟಿಗಳು, ಅರ್ಧ ಇಟ್ಟಿಗೆಯಷ್ಟು ದೊಡ್ಡವು, ನಾಲ್ಕು. ಪಟ್ಟಿ ಹಾಕಿ ಬೋಲ್ಟು ಬಿಗಿದಿದ್ದಾರೆ. ಬೋಲ್ಟಿನ ತಲೆಗೆ ಹಳದಿ ಬಣ್ಣದ ಗುರುತು ಹಾಕುವುದು ಪಂಪುವಿನ ಅಭ್ಯಾಸ. ಹಳದಿ ಗುರುತು ಇತ್ತು. ಕದ್ದು ಮಾಡಿದ ಕೆಲಸಕ್ಕೂ ಸಹಿ ಹಾಕಿದ್ದಾನೆ.

ಕೆಲಸ ಚೆನ್ನಾಗಿದೆ. ಅದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ.

ಮೇ 23

ಕೇಳುವುದಿಲ್ಲ. ಅವರೇ ಹೇಳಲಿ.

ತಮ್ಮನ ಮನೆಗೆ ರಾತ್ರಿ ಊಟಕ್ಕೆ ಕರೆದಿದ್ದರು, ಪಂಪುವೂ ಇದ್ದ. ಊಟದ ನಡುವೆ, ಮೂಗಿನ ಬಣ್ಣ ಸ್ವಲ್ಪ ಮಂಕಾಗಿದೆಯಲ್ಲ ಎಂದೆ. ಒಂದು ಬಾಗಿಲು ತೆರೆದಿಟ್ಟ ಹಾಗೆ.

ತಮ್ಮ ತಟ್ಟೆ ನೋಡಿದ. "ಇಲ್ವಲ್ಲ ಅಕ್ಕ. ಚೆನ್ನಾಗೇ ಇದೆ."

ಪಂಪು ನೀರು ಕುಡಿದ. ಲೋಟ ಖಾಲಿಯಾದ ಮೇಲೂ ಕುಡಿಯುತ್ತಲೇ ಇದ್ದ.

ಜೂನ್ 1

ಇನ್ನೂ ಹೇಳಿಲ್ಲ. ಭಾನುವಾರಗಳಂದು ಇಬ್ಬರೂ ಶೆಡ್ಡಿಗೆ ಬರುತ್ತಿದ್ದಾರೆ. ತಮ್ಮ ಬಹಳ ಅಕ್ಕರೆಯಿಂದಿದ್ದಾನೆ, ಊಟ ಬಿಟ್ಟು ತೆಳ್ಳಗಾಗಿದ್ದಾನೆ, ಅಚ್ಚಿನಲ್ಲಿ ಸರಿಯಾಗಿ ಕೂರುತ್ತಾನೆ. ನನಗೆ ಇಷ್ಟವೆಂದು ಬಿಸ್ಕತ್ತು ತರುತ್ತಾನೆ. ಈಗ ಅವನು ತರುವ ಬಿಸ್ಕತ್ತಿನಲ್ಲೂ ಒಂದು ಗೆರೆ ಹುಡುಕುತ್ತೇನೆ.

ಲ್ಯಾಬಿನಲ್ಲಿ ಒಮ್ಮೆ ಹೀಗೆ ಆಗಿತ್ತು. ನಾನು ಮಾಡಿ ಕಳಿಸಿದ ಹಲ್ಲನ್ನು ಡಾಕ್ಟರು ನನಗೆ ಹೇಳದೆ ತಾವೇ ಉಜ್ಜಿದ್ದರು. ಅದನ್ನು ವಾಪಸು ತರಿಸಿ, ಒಡೆದು, ನನ್ನ ಅಳತೆಗೆ ಹೊಸದಾಗಿ ಎರೆದು ಕಳಿಸಿದೆ. ನನ್ನ ಕೈಯಿಂದ ಹೋದದ್ದು ನನ್ನ ಅಳತೆಯಲ್ಲೇ ಇರಬೇಕು. ಅದರಲ್ಲಿ ಯಾರೂ ಮೂಗು ತೂರಿಸುವಂತಿಲ್ಲ.

ಜೂನ್ 7

ತಮ್ಮನಿಗೆ ನಿಜವಾಗಿಯೂ ಡಬಲ್ ಡ್ಯೂಟಿ. ಪಂಪು ಯಾರದೋ ಬಾವಿಯಲ್ಲಿದ್ದಾನೆ. ಇಡೀ ಭಾನುವಾರ ಶೆಡ್ಡು ನನ್ನದು.

ಅವರು ಕತ್ತರಿಸಿದ ಗೆರೆಯಲ್ಲೇ ಕತ್ತರಿಸಿದೆ. ಹಳದಿ ಬೋಲ್ಟುಗಳನ್ನು ಬಿಚ್ಚಿದೆ. ಗಟ್ಟಿಗಳನ್ನು ಒಂದೊಂದಾಗಿ ಮಗುವಿನಂತೆ ಎದೆಗವಚಿ ಹೊರತಂದೆ. ನಾಲ್ಕನೆಯದಕ್ಕೆ ಸೊಂಟ ಹಿಡಿಯಿತು. ಆಮೇಲೆ ಮೂಗನ್ನು ಕೂಡಿಸಿ ಮೆತ್ತಿದೆ, ಒಣಗಿಸಿದೆ, ಉಜ್ಜಲು ಒರಟು ಕಾಗದ, ನುಣುಪು ಕಾಗದ, ನೀರು ಕಾಗದ, ಬಣ್ಣ. ಸಂಜೆ ಕಣ್ಣು ಮುಚ್ಚಿ ಅಂಗೈ ಸವರಿದೆ. ಗೆರೆ ಇಲ್ಲ. ಅವರಿಗೆ ಆಗದ್ದು ನನಗೆ ಆಗಿದೆ. ಇಷ್ಟು ನೆಮ್ಮದಿಯಾಗಿ ನಾನು ಕೆಲಸ ಮಾಡಿ ತಿಂಗಳುಗಳಾಗಿದ್ದವು. ನಡುವೆ ಹಾಡು ಗುನುಗುತ್ತಿದ್ದೆ ಎಂದು ಪಕ್ಕದ ಮನೆಯವರು ಹೇಳಿದರು.

ಏಪ್ರಿಲ್‌ನಲ್ಲಿ ಹೊರಳಿದ್ದು ತಮ್ಮನ ಕೈಯಿಂದ. ಉಪ್ಪಿನ ಮೇಲೆ ನೆಲ ನುಣುಪು, ದಾರಿ ಉದ್ದ, ನನ್ನ ಮೂಗು ನೆಟ್ಟಗೆ ಹೋಗುತ್ತದೆ. ಓಡಿ ಬಂದ ಮೇಲೆ ನಾಲ್ಕೂ ಗಟ್ಟಿಗಳನ್ನು ಅವರ ಮುಂದೆ ಸಾಲಾಗಿ ಇಡುತ್ತೇನೆ. ಆಗ ಏನು ಹೇಳುತ್ತಾರೋ ಕೇಳಬೇಕು.

ಜೂನ್ 11

ಕಾರನ್ನು ಟ್ರೈಲರಿಗೆ ಹತ್ತಿಸುವಾಗ ಮೂಗಿನ ಕಡೆ ನಾನೇ ಹಿಡಿದೆ. ಭಾರ ಆಗುತ್ತೆ ಬಿಡಿ ಡಾಕ್ಟ್ರೇ ಎಂದ ಪಂಪು. ಅವನಿಗೆ ಗೊತ್ತಿರುವ ಭಾರ. ಅಭ್ಯಾಸವಿದೆ ಎಂದೆ.

ಸೀಸವನ್ನು ಪ್ಲಾಸ್ಟರಿನ ಡಬ್ಬದಲ್ಲಿ ಹಾಕಿ ವ್ಯಾನಿನ ಮೂಲೆಗೆ ತಳ್ಳಿದ್ದೇನೆ. ಏಕೆ ತಂದೆನೋ. ಜ್ಯಾಕಿನ ಕೆಳಗೆ ಇಡಲು ಬೇಕಾಗಬಹುದು.

ಜೂನ್ 13

ಉಪ್ಪಿನ ಬಯಲು. ಕಣ್ಣಿಗೆ ಕಪ್ಪು ಕನ್ನಡಕವಿಲ್ಲದೆ ಏನೂ ನೋಡಲಾಗದು. ಕಾಲಡಿ ಸಕ್ಕರೆ ಮುರಿಯುವ ಸದ್ದು. ಬಟ್ಟೆಯ ಚಪ್ಪರಗಳು ಸಾಲಾಗಿ ನಿಂತಿವೆ, ಒಂದೊಂದರ ಕೆಳಗೂ ಒಂದು ಕಾರು, ಸುತ್ತ ನಿದ್ದೆಗೆಟ್ಟ ಗಂಡಸರು.

ತಪಾಸಣೆ ಮುಗಿಸಿ ಬರುವಾಗ ಗಡ್ಡದವನ ಚಪ್ಪರದ ಮುಂದೆ ಕಾಲು ನಿಂತಿತು. ಹಿಂದಿನ ಜುಟ್ಟು ಹಳೆಯದೇ. ಮೂಗು ಹೊಸದು. ಯಾರೂ ನೋಡುತ್ತಿರಲಿಲ್ಲ. ಕನ್ನಡಕ ತೆಗೆದು, ಕಣ್ಣು ಮುಚ್ಚಿ, ತುದಿಯಿಂದ ಹಿಂದಕ್ಕೆ ಸವರಿದೆ.

ನನ್ನದು. ಹನ್ನೊಂದನೆಯ ಸಲ ಬದಲಾಯಿಸಿದಾಗ ಸಿಕ್ಕ ಆ ಇಳಿಜಾರು, ಅದು ಮುಗಿಯುವ ಮುನ್ನ ತುಸು ತಡೆಯುವ ಜಾಗ, ಎಲ್ಲವೂ. ಕತ್ತಲೆಯಲ್ಲಿ ನನ್ನದೇ ಮುಖ ಮುಟ್ಟಿಕೊಂಡಂತಾಯಿತು, ಆದರೆ ಅದು ಇನ್ನೊಬ್ಬರ ಕತ್ತಿನ ಮೇಲಿತ್ತು.

ಗಡ್ಡದವನು ಹಿಂದೆ ನಿಂತಿದ್ದ. ನಾಚಿಕೆಪಟ್ಟವನಂತೆ ಕಾಣಲಿಲ್ಲ, ಸೊಕ್ಕಿದವನಂತೆಯೂ ಇಲ್ಲ. ತಮ್ಮನೇ ಕಾರಿನ ಅಳತೆಯ ಚಿತ್ರ ತಂದು ತೋರಿಸಿದ, ಕಾರು ಏಕೆ ಹೊರಳುತ್ತದೆಂದು ಕೇಳಿದ, ತಾನು ಲೆಕ್ಕ ಹಾಕಿ ಹೇಳಿದೆ, ಬದಲಿಗೆ ಮೂಗಿನ ಆಕಾರ ಬಳಸಿಕೊಳ್ಳಲೇ ಎಂದು ಕೇಳಿದೆ, ಅವನು ಹೂಂ ಎಂದ ಎಂದು ನಡೆದದ್ದನ್ನು ನಡೆದಂತೆ ಹೇಳಿದ.

"ನಿಮಗೆ ಗೊತ್ತಿಲ್ದೆ ಕೊಟ್ಟಿರ್ತಾರೆ ಅಂತ ನನಗೆ ಅನ್ನಿಸ್ಲಿಲ್ಲ," ಎಂದ. ಸ್ವಲ್ಪ ತಡೆದು, "ಜುಟ್ಟಿಲ್ದೆ ಆ ಮೂಗು ಓಡ್ಬೇಕು ಅಂದ್ರೆ ಒಳಗೆ ಭಾರ ಬೇಕೇ ಬೇಕು ಅಂತ ಹೇಳಿದ್ದೆ. ಇಲ್ಲಾಂದ್ರೆ ಪೂರ್ತಿ ವೇಗದಲ್ಲಿ ಅದು ಹುಲ್ಲಿಗೆ ಹೋಗಿ ನಿಲ್ಲಲ್ಲ, ಮಗುಚುತ್ತೆ. ಹಾಕಿದ್ರು ತಾನೆ?"

"ಹಾಕಿದ್ರು," ಎಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಸಂಜೆ ತಮ್ಮನನ್ನು ಚಪ್ಪರದ ಹಿಂದಕ್ಕೆ ಕರೆದು, ಚಿತ್ರ ಕೊಟ್ಟೆಯಾ ಎಂದು ಕೇಳಿದೆ. ಅವನು ಉಪ್ಪನ್ನು ಬೂಟಿನಿಂದ ಕೆದಕುತ್ತಾ ಹೂಂ ಎಂದ.

"ನನ್ನನ್ನ ಕೇಳ್ಬಹುದಿತ್ತು."

"ಕೇಳಿದ್ನಲ್ಲ ಅಕ್ಕ. ಹುಲ್ಲಲ್ಲಿ ಕೂತ್ಕೊಂಡು ಕೇಳಿದೆ. ನೀನು ನನ್ನ ಕೈ ಸರಿಯಿಲ್ಲ ಅಂದೆ. ನಂಗೆ ಹೆದರಿಕೆ ಆಗಿತ್ತು. ನಿನ್ನ ಹತ್ರ ಹೆದರಿಕೆ ಅಂತ ಹೇಳಿದ್ರೆ ನೀನು ಅದರ ಅಳತೆ ಕೇಳ್ತೀಯ."

ಬೇರೆ ಏನಾದರೂ ಹೇಳುವುದಿದೆಯೇ ಎಂದೆ. ಬಾಯಿ ತೆರೆದ. ಪಂಪು ಅತ್ತ ಕಡೆಯಿಂದ ಕರೆದ. ಏನೂ ಇಲ್ಲ ಎಂದ.

ಅವನು ಅರ್ಧ ಹೇಳಿದ. ಉಳಿದರ್ಧ ನನ್ನ ಡಬ್ಬದಲ್ಲಿದೆ. ತಾನು ಕಳ್ಳ, ಪರರ ನಂಬ ಎನ್ನುವುದು ಎಷ್ಟು ನಿಜ. ನಾಳೆ ಬೆಳಗ್ಗೆ ನಮ್ಮ ಸರದಿ.

ಜೂನ್ 14

ಕ್ರಮವಾಗಿ ಬರೆಯುತ್ತೇನೆ.

ಮೋಸ ಹೋದವಳು ನಾನು. ಅದನ್ನು ಮೊದಲು ಬರೆದಿಡಬೇಕು, ಏಕೆಂದರೆ ಇವತ್ತಿನ ದಿನವನ್ನು ಹೊರಗಿನಿಂದ ನೋಡಿದವರಿಗೆ ಹಾಗೆ ಕಾಣಲಿಕ್ಕಿಲ್ಲ.

ಬೆಳಗ್ಗೆ ಕಾರನ್ನು ಗೆರೆಯ ಮೇಲೆ ತಂದೆವು. ಬಾವುಟ ಹಿಡಿದವನು ಸಿದ್ಧರಾಗಿ ಎಂದು ಕೈ ತೋರಿಸಿದ. ತಮ್ಮ ಒಳಗೆ ಮಲಗಿದ. ನಾನೇ ಭುಜದ ಪಟ್ಟಿ ಬಿಗಿದೆ. ಎಡಗಡೆ ಬೆರಳು ತೂರುವಷ್ಟು ಜಾಗವಿತ್ತು. ಅವನ ಕತ್ತಿನ ನರ ಹೊಡೆದುಕೊಳ್ಳುತ್ತಿತ್ತು. ಆದರೆ ಮುಖ ತಿಳಿಯಾಗಿತ್ತು. ಏಪ್ರಿಲ್‌ನಿಂದ ಅವನ ಮುಖ ಅಷ್ಟು ತಿಳಿಯಾಗಿದ್ದನ್ನು ನಾನು ನೋಡಿರಲಿಲ್ಲ.

ಮೂಗಿನ ಬಳಿ ಹೋಗಿ ಕಣ್ಣು ಮುಚ್ಚಿದೆ. ಅಂಗೈ ಸವರಿದೆ. ನುಣುಪು. ಗೆರೆಯೇ ಇಲ್ಲ. ನಾನು ಮಾಡಿದ ಕೆಲಸಗಳಲ್ಲೇ ನುಣುಪಾದದ್ದು.

ಒಳಗಿಂದ ಅವನು ಮಾತಾಡಿದ. ಹೆಲ್ಮೆಟ್ಟಿನಲ್ಲಿ ದನಿ ಡಬ್ಬದಿಂದ ಬಂದಂತಿತ್ತು.

"ಅಕ್ಕ, ಮೂಗಿನ ಒಳಗೆ ಒಂದು ವಿಷಯ ಇದೆ. ಈಗ ಕೇಳ್ಬೇಡ. ಓಡಿ ಬಂದ ಮೇಲೆ ಹೇಳ್ತೀನಿ, ಆಗ ಎಷ್ಟು ಬೇಕಾದ್ರೂ ಬೈಯಿ. ಇವತ್ತು ಹೆದರಿಕೆ ಇಲ್ಲ. ಪೂರ್ತಿ ಒತ್ತಿಬಿಡ್ತೀನಿ."

ಓಡಿ ಬಂದ ಮೇಲೆ. ಅದು ನನ್ನ ಮಾತು. ಕಳೆದ ವಾರ ಇದೇ ಪುಸ್ತಕದಲ್ಲಿ ಬರೆದದ್ದು.

ಕಣ್ಣು ಮುಚ್ಚಿಕೊಂಡೇ ನಿಂತಿದ್ದೆ. ಪಂಪು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕಾಯುತ್ತಿದ್ದನೆಂದು ನೋಡದೆಯೇ ಗೊತ್ತಿತ್ತು. ಎಷ್ಟು ಹೊತ್ತೋ. ಹಿಂದೆ ಸರದಿಗೆ ಕಾಯುತ್ತಿದ್ದವರು ವ್ಯಾನಿನ ಹಾರ್ನ್ ಹೊಡೆದರು. ಅಂಗೈ ಸುಡುತ್ತಿತ್ತು, ಬಿಸಿಲಿಗೆ ಬಣ್ಣ ಕಾದಿತ್ತು. ಕೈ ತೆಗೆದೆ. ತಟ್ಟಲಿಲ್ಲ.

ವ್ಯಾನಿನಿಂದ ಪ್ಲಾಸ್ಟರಿನ ಡಬ್ಬ ತಾ ಎಂದು ಪಂಪುವಿಗೆ ಹೇಳಿದೆ.

"ಈಗ ಪ್ಲಾಸ್ಟರ್ ಯಾಕೆ ಡಾಕ್ಟ್ರೇ?"

ತಾ ಎಂದೆ.

ಹೋದ. ಡಬ್ಬವನ್ನು ಒಂದು ಕೈಯಲ್ಲಿ ಎತ್ತಲು ಹೋದವನು ನಿಂತ. ಎರಡೂ ಕೈ ಹಾಕಿ ಎತ್ತಿ ನೋಡಿದ, ಮತ್ತೆ ಕೆಳಗಿಟ್ಟ. ಪ್ಲಾಸ್ಟರ್ ಎಷ್ಟು ಭಾರ, ಸೀಸ ಎಷ್ಟು ಭಾರ ಎಂಬುದು ಅವನ ಕೈಗೆ ಗೊತ್ತು. ಮುಚ್ಚಳ ತೆರೆಯಲಿಲ್ಲ. ಅಲ್ಲಿಂದಲೇ ನನ್ನ ಕಡೆ ನೋಡಿದ. ಇಷ್ಟು ವರ್ಷದಲ್ಲಿ ಪಂಪು ಜೋಕು ಹುಡುಕಿ ಸಿಗದೆ ನಿಂತದ್ದು ಅದೊಂದೇ ಸಲ.

ಬಾವುಟದವನಿಗೆ ನಮ್ಮ ಸರದಿ ಬಿಟ್ಟುಕೊಡುತ್ತೇವೆಂದು ಹೇಳಿದೆ. ತಮ್ಮನ ಪಟ್ಟಿ ಬಿಚ್ಚಿದವನು ಪಂಪು. ಅವನ ಕಿವಿಯಲ್ಲಿ ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ತಮ್ಮ ಹೊರಗೆ ಬಂದ. ಹೆಲ್ಮೆಟ್ ತೆಗೆದ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ನನ್ನ ಹತ್ತಿರ ಉತ್ತರವಿತ್ತು, ರಾತ್ರಿಯಿಡೀ ಜೋಡಿಸಿಟ್ಟುಕೊಂಡದ್ದು.

"ಯಾವಾಗ ತೆಗೆದೆ?" ಎಂದಷ್ಟೇ ಕೇಳಿದ.

ಕಳೆದ ಭಾನುವಾರ ಎಂದೆ.

"ನಿನ್ನೆ ಸಂಜೆ ಕೇಳ್ದಾಗ..." ಎಂದು ಶುರು ಮಾಡಿ ಬಿಟ್ಟ. ಉಪ್ಪಿನ ಮೇಲೆ, ಕಾರಿನ ನೆರಳಿನಲ್ಲಿ ಕುಳಿತ. ಎರಡೂ ಕೈ ಮಂಡಿಯ ಮೇಲಿದ್ದವು. ಎಡಗೈ ತಾನೇ ತಾನಾಗಿ ಒಂದಿಷ್ಟು ತಿರುಗುತ್ತಿತ್ತು, ಬಲಗೈ ಅದರ ಜೊತೆಗೆ. ಅವನಿಗೆ ಗೊತ್ತಿರಲಿಲ್ಲ. ಅವನ ಹೆಂಡತಿ ಹೇಳಿದಾಗ ನಾನು ನಕ್ಕಿದ್ದೆ.

ಮೂಗನ್ನು ಮತ್ತೆ ಕತ್ತರಿಸಿದೆವು. ಗರಗಸ ಹಿಡಿದವಳು ನಾನು. ಒಂದೊಂದೇ ಗಟ್ಟಿಯನ್ನು ಪಂಪು ಕೊಟ್ಟ, ನಾನು ಒಳಗೆ ಇಟ್ಟೆ, ಅವನು ಬೋಲ್ಟು ಬಿಗಿದ. ಹಳದಿ ಬಣ್ಣ ಇರಲಿಲ್ಲ, ಗುರುತು ಹಾಕಲಿಲ್ಲ. ಮೆತ್ತಿ ಒಣಗಿಸುವಷ್ಟು ಸಮಯವೂ ಇರಲಿಲ್ಲ. ಸುತ್ತಲೂ ಬೆಳ್ಳಿ ಬಣ್ಣದ ಟೇಪು ಸುತ್ತಿದೆವು. ನನ್ನ ಮೂಗಿನ ಮೇಲೆ ಟೇಪು, ಬಿದ್ದು ಬಂದ ಮಗುವಿಗೆ ಪಟ್ಟಿ ಹಾಕಿದ ಹಾಗೆ. ಗಾಳಿ ಅದನ್ನು ಓಟದುದ್ದಕ್ಕೂ ನೆಕ್ಕುತ್ತಲೇ ಇರುತ್ತದೆ ಎಂದು ಹೇಳಬೇಕೆನಿಸಿತು. ಯಾರಿಗೆ ಹೇಳುವುದು.

ಗಡ್ಡದವನ ಕಾರು ನಮ್ಮ ಮುಂದೆಯೇ ಓಡಿತು. ಗಡಿಯಾರದವರು ಮೈಕಿನಲ್ಲಿ ಅವನ ವೇಗ ಹೇಳಿದಾಗ ಚಪ್ಪರಗಳಲ್ಲಿ ಚಪ್ಪಾಳೆಯಾಯಿತು. ನಮ್ಮ ವರ್ಗದಲ್ಲಿ ಇಷ್ಟರವರೆಗೆ ಯಾರೂ ಅಷ್ಟು ಓಡಿಲ್ಲವಂತೆ. ಮೂಗು ಅಷ್ಟು ಚೆನ್ನಾಗಿದೆ.

ಮಧ್ಯಾಹ್ನದ ಮೇಲೆ ನಮ್ಮನ್ನು ಮತ್ತೆ ಕರೆದರು. ತಮ್ಮ ಒಳಗೆ ಮಲಗಲು ಒಂದು ಕಾಲು ಎತ್ತಿಟ್ಟ. ಪಂಪು ಗುಂಡಿಯ ಬಳಿ ನಿಂತ. ನಾನು ಕನ್ನಡಕ ತೆಗೆದು ಮೂಗಿನ ಕಡೆ ಹೆಜ್ಜೆ ಇಟ್ಟೆ.

ತಮ್ಮ ಕಾಲು ವಾಪಸು ತೆಗೆದ. ನನಗಿಂತ ಮೊದಲು ಮೂಗಿನ ಬಳಿಗೆ ಹೋದ. ಕೈಗವಸು ಬಿಚ್ಚಿ, ಟೇಪಿನ ಮೇಲೆ, ಅದರ ಕೆಳಗೆ, ಪಕ್ಕದಲ್ಲಿ, ತಾನೇ ತಡವಿ ನೋಡಿದ. ಬಗ್ಗಿ ಮೂಗನ್ನು ಎರಡೂ ಕೈಯಿಂದ ಎತ್ತಿ ಭಾರ ನೋಡಿದ. ಕಣ್ಣು ತೆರೆದೇ ಇದ್ದವು. ಹಿಂದಿನಿಂದ ಮುಂದಕ್ಕೆ ಕೈಯಾಡಿಸುತ್ತಿದ್ದ. ಹಾಗೆ ಸವರಿದರೆ ಅಂಗೈಗೆ ಏನೂ ತಿಳಿಯುವುದಿಲ್ಲ, ಸವರಬೇಕಾದ್ದು ತುದಿಯಿಂದ ಹಿಂದಕ್ಕೆ.

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಎರಡು ಸಲ ತಟ್ಟಿದ. ಪಂಪು ಗುಂಡಿ ಒತ್ತಿದ.